ಐದು ಕಿಲೋಮೀಟರ್ ‘ಫಾರ್’ ಎಂದು ಏಕೆ ಬರೆಯಬಾರದು?

ಪ್ರಶ್ನೆ: ನಾನು ಒಂದು ಸಂಸ್ಥೆಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತೇನೆ. ಕಚೇರಿಗೆ ಬರುವವರಿಗೆ ದಾರಿ ತಿಳಿಸುವ ಪತ್ರದಲ್ಲಿ ‘ಅವರ್ ಆಫೀಸ್ ಈಸ್ ಫೈವ್ ಕಿಲೋಮೀಟರ್ಸ್ ಫಾರ್ ಫ್ರಮ್ ದ ಸ್ಟೇಷನ್’ ಎಂದು ಬರೆದಿದ್ದೆ. ನಮ್ಮ ಮೇಲಧಿಕಾರಿಗಳು ‘ಫಾರ್’ ಪದವನ್ನು ಹೊಡೆದುಹಾಕಿ ‘ಅವೇ’ ಎಂದು ತಿದ್ದಿದರು. ಕಾರಣ ಕೇಳಿದರೆ ‘ಹಾಗೆ ಬರೆಯುವುದಿಲ್ಲ’ ಎಂದಷ್ಟೇ ಹೇಳಿದರು. ‘ಹೌ ಫಾರ್’ ಎಂದು ಕೇಳಬಹುದಾದರೆ ಅದೇ ‘ಫಾರ್’ ಉತ್ತರದಲ್ಲಿ ಏಕೆ ಬರಬಾರದು? ಡಿಸ್ಟೆಂಟ್, ರಿಮೋಟ್ ಎಂಬ ಪದಗಳನ್ನು ಎಲ್ಲಿ ಬಳಸಬೇಕು? ಫಾರ್ದರ್, ಫರ್ದರ್ ಎರಡೂ ಒಂದೆಯೇ? ಕೊನೆಯದಾಗಿ, ‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯನ್ನು ಇಂಗ್ಲಿಷಿಗೆ ತರುವಾಗ ‘ದೂರದ’ ಎಂಬುದಕ್ಕೆ ಯಾವ ಪದ ಹೊಂದುತ್ತದೆ?

ಉತ್ತರ: ನಿಮ್ಮ ಮೇಲಧಿಕಾರಿಗಳು ಮಾಡಿದ ತಿದ್ದುಪಡಿ ಸರಿಯಾಗಿದೆ. ಆದರೆ ‘ಹಾಗೆ ಬರೆಯುವುದಿಲ್ಲ’ ಎಂಬುದು ಕಾರಣವಲ್ಲ, ಮತ್ತು ಕಾರಣ ಕೇಳಿದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ವಿಷಯಕ್ಕೆ ಹೋಗುವ ಮೊದಲು ಒಂದು ಸಣ್ಣ ಸೂಚನೆ ಅಗತ್ಯ. ‘ಅದಕ್ಕಾಗಿ, ಇದಕ್ಕಾಗಿ’ ಎಂಬ ಅರ್ಥ ಕೊಡುವ ಇಂಗ್ಲಿಷ್ ಪದವನ್ನೂ ಕನ್ನಡ ಲಿಪಿಯಲ್ಲಿ ‘ಫಾರ್’ ಎಂದೇ ಬರೆಯುವ ರೂಢಿಯಿದೆ. ಈ ಉತ್ತರದಲ್ಲಿ ‘ಫಾರ್’ ಎಂದಾಗಲೆಲ್ಲ ದೂರವನ್ನು ಹೇಳುವ ಪದವನ್ನೇ ಓದಿಕೊಳ್ಳಬೇಕು.

ಎರಡು ವಾಕ್ಯಗಳನ್ನು ಒಂದರ ಕೆಳಗೆ ಒಂದು ಬರೆದು ನೋಡಿ. ‘ದ ಆಫೀಸ್ ಈಸ್ ಫಾರ್ ಅವೇ’ ಎಂಬುದು ಒಂದು, ‘ದ ಆಫೀಸ್ ಈಸ್ ಫೈವ್ ಕಿಲೋಮೀಟರ್ಸ್ ಅವೇ’ ಎಂಬುದು ಇನ್ನೊಂದು. ಎರಡರಲ್ಲಿಯೂ ‘ಅವೇ’ ಕದಲದೆ ನಿಂತಿದೆ. ಅದರ ಹಿಂದಿನ ಜಾಗದಲ್ಲಿ ಒಮ್ಮೆ ‘ಫಾರ್’ ಕುಳಿತಿದೆ, ಇನ್ನೊಮ್ಮೆ ‘ಫೈವ್ ಕಿಲೋಮೀಟರ್ಸ್’ ಕುಳಿತಿದೆ. ಅಂದರೆ ಇವೆರಡೂ ಒಂದೇ ಕೆಲಸ ಮಾಡುವ ಪದಗಳು. ಎಷ್ಟು ಅಂತರ ಎಂಬುದನ್ನು ಒಂದು ಅಂದಾಜಿನಿಂದ ಹೇಳಿದರೆ ಇನ್ನೊಂದು ಅಳತೆಯಿಂದ ಹೇಳುತ್ತದೆ. ನಿಮ್ಮ ವಾಕ್ಯದಲ್ಲಿ ಈ ಎರಡನ್ನೂ ಒಟ್ಟಿಗೆ ಕೂರಿಸಿದ್ದೀರಿ, ಕೂರಬೇಕಾಗಿದ್ದ ‘ಅವೇ’ಯನ್ನು ಹೊರಗೆ ನಿಲ್ಲಿಸಿದ್ದೀರಿ. ಒಂದೇ ಒರೆಗೆ ಎರಡು ಕತ್ತಿ ತುರುಕಿದ ಹಾಗಾಗಿದೆ. ತಿದ್ದಿದವರು ಒಂದು ಕತ್ತಿಯನ್ನು ಹೊರತೆಗೆದು, ಇರಬೇಕಾದದ್ದನ್ನು ಇಟ್ಟಿದ್ದಾರೆ.

ಇದಕ್ಕೆ ನೀವು ಒಂದು ಆಕ್ಷೇಪ ಎತ್ತಬಹುದು, ಎತ್ತಲೂ ಬೇಕು. ಇಂಗ್ಲಿಷಿನಲ್ಲಿ ‘ಟೂ ಮೀಟರ್ಸ್ ಲಾಂಗ್’, ‘ಸಿಕ್ಸ್ ಫೀಟ್ ಟಾಲ್’, ‘ಟೆನ್ ಫೀಟ್ ಡೀಪ್’, ‘ಟೆನ್ ಮಿನಿಟ್ಸ್ ಲೇಟ್’ ಎಂದೆಲ್ಲ ಅಳತೆಯ ಬೆನ್ನಿಗೇ ಗುಣವಾಚಕವನ್ನು ಇಡುತ್ತಾರಲ್ಲ, ‘ಫಾರ್’ ಮಾತ್ರ ಮಾಡಿದ ಅಪರಾಧವೇನು? ಇಲ್ಲಿಯೇ ವಿಷಯದ ಗಂಟು ಇರುವುದು. ಆರು ತಿಂಗಳ ಮಗುವನ್ನು ‘ಸಿಕ್ಸ್ ಮಂತ್ಸ್ ಓಲ್ಡ್’ ಎನ್ನುವಾಗ ಆ ಮಗುವಿಗೆ ವಯಸ್ಸಾಗಿದೆ ಎಂದು ಯಾರೂ ತಿಳಿಯುವುದಿಲ್ಲ. ಎರಡು ಅಡಿಯ ಗಿಡವನ್ನು ‘ಟೂ ಫೀಟ್ ಟಾಲ್’ ಎಂದರೆ ಗಿಡ ಎತ್ತರವಾಗಿದೆ ಎಂದು ಅರ್ಥವಲ್ಲ. ಅಳತೆ ಪಕ್ಕಕ್ಕೆ ಬಂದ ಕೂಡಲೇ ಓಲ್ಡ್, ಟಾಲ್, ಲಾಂಗ್, ವೈಡ್, ಡೀಪ್, ಥಿಕ್ ಮೊದಲಾದ ಕೆಲವು ಪದಗಳು ತಮ್ಮೊಳಗಿನ ‘ಹೆಚ್ಚು’ ಎಂಬ ಅರ್ಥವನ್ನು ಕೆಳಗಿಳಿಸಿ, ಬರಿಯ ಅಳತೆಗೋಲಾಗಿ ನಿಲ್ಲುತ್ತವೆ. ಎಲ್ಲ ಗುಣವಾಚಕಗಳಿಗೂ ಇದು ಬರುವುದಿಲ್ಲ. ಹತ್ತು ಕಿಲೋ ಭಾರದ ಮೂಟೆಯನ್ನು ‘ಟೆನ್ ಕಿಲೋಸ್ ಹೆವಿ’ ಎನ್ನುವುದಿಲ್ಲ, ‘ಇಟ್ ವೇಸ್ ಟೆನ್ ಕಿಲೋಸ್’ ಎಂದು ಕ್ರಿಯಾಪದಕ್ಕೇ ಕೆಲಸ ವಹಿಸುತ್ತಾರೆ. ‘ಫಾರ್’ ಈ ‘ಹೆವಿ’ಯ ಪಂಗಡಕ್ಕೆ ಸೇರಿದ್ದು. ಸಾಮಾನ್ಯ ಹೇಳಿಕೆಯಲ್ಲಿ ಅದು ತನ್ನ ತೀರ್ಪನ್ನು ಬಿಟ್ಟುಕೊಡುವುದಿಲ್ಲ. ‘ಫಾರ್’ ಎಂದರೆ ‘ಬಹಳ ದೂರ’ ಎಂದೇ.

ಪ್ರಶ್ನೆಯ ಮಾತು ಬೇರೆ. ‘ಹೌ ಫಾರ್ ಈಸ್ ಇಟ್?’ ಎಂದು ಕೇಳುವವರು ಜಾಗ ದೂರವಿದೆ ಎಂದು ಮೊದಲೇ ತೀರ್ಮಾನಿಸಿರುವುದಿಲ್ಲ. ಎದುರಿನ ಬಾಗಿಲಿನ ಮನೆಯ ಬಗ್ಗೆಯೂ ಹಾಗೆಯೇ ಕೇಳಬಹುದು. ‘ಹೌ’ ಪದದ ನಂತರ ಬಂದಾಗ ‘ಫಾರ್’ ಕೂಡ ಓಲ್ಡ್, ಟಾಲ್ ಪದಗಳಂತೆ ತಟಸ್ಥವಾಗುತ್ತದೆ, ಹೆವಿಯೂ ಅಷ್ಟೇ: ‘ಹೌ ಹೆವಿ ಈಸ್ ಇಟ್?’ ಎಂಬುದು ಸರಿಯಾದ ಪ್ರಶ್ನೆಯೇ. ಆದ್ದರಿಂದ ಪ್ರಶ್ನೆಯಲ್ಲಿದ್ದ ಪದ ಉತ್ತರದಲ್ಲಿಯೂ ಇರಲೇಬೇಕು ಎಂಬ ನಿಮ್ಮ ಊಹೆ ಇಲ್ಲಿ ಕೈಕೊಡುತ್ತದೆ. ತರತಮ ರೂಪ ಬಂದಾಗಲಂತೂ ತಡೆಯೇ ಇಲ್ಲ. ‘ಟೂ ಕಿಲೋಸ್ ಹೆವಿಯರ್’ ಎಂಬುದು ಸರಿಯಾಗಿರುವಂತೆಯೇ ‘ಫೈವ್ ಕಿಲೋಮೀಟರ್ಸ್ ಫಾರ್ದರ್’ ಎಂಬುದೂ ಸರಿ. ಅಲ್ಲಿ ಅಳೆಯುತ್ತಿರುವುದು ದೂರವನ್ನಲ್ಲ, ಎರಡು ದೂರಗಳ ನಡುವಣ ವ್ಯತ್ಯಾಸವನ್ನು.

ತೀರ್ಪಿಗೂ ಅಳತೆಗೂ ಇರುವ ಈ ವ್ಯತ್ಯಾಸ ಖಗೋಳಶಾಸ್ತ್ರದ ಬರಹಗಳಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಆಂಡ್ರೊಮಿಡಾ ಗೆಲಾಕ್ಸಿ ನಮ್ಮಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳಷ್ಟು ಅಂತರದಲ್ಲಿದೆ. ನಮಗೆ ಅದು ಊಹೆಗೂ ನಿಲುಕದ ದೂರ. ಖಗೋಳ ವಿಜ್ಞಾನಿಗಳಿಗೆ ಅದು ನಮ್ಮ ಅತ್ಯಂತ ಹತ್ತಿರದ ದೊಡ್ಡ ಗೆಲಾಕ್ಸಿ. ‘ಅಬೌಟ್ ಟೂ ಪಾಯಿಂಟ್ ಫೈವ್ ಮಿಲಿಯನ್ ಲೈಟ್ ಇಯರ್ಸ್ ಅವೇ’ ಎಂಬ ವಾಕ್ಯವನ್ನು ಇಬ್ಬರೂ ಒಪ್ಪಿಕೊಳ್ಳುತ್ತಾರೆ, ಏಕೆಂದರೆ ‘ಅವೇ’ ಪದಕ್ಕೆ ಸ್ವಂತ ಅಭಿಪ್ರಾಯವಿಲ್ಲ. ‘ಫಾರ್’ ಎಂದೊಡನೆ ಜಗಳ ಶುರುವಾಗುತ್ತದೆ. ನಿಮ್ಮ ಪತ್ರದ ಐದು ಕಿಲೋಮೀಟರ್ ಕೂಡ ವಾಹನವಿದ್ದವರಿಗೆ ಹತ್ತಿರ, ಗಂಟು ಹೊತ್ತು ನಡೆಯುವವರಿಗೆ ದೂರ.

ಕನ್ನಡಿಗರಿಗೇ ಈ ತಪ್ಪು ಏಕೆ ಇಷ್ಟು ಸುಲಭವಾಗಿ ಆಗುತ್ತದೆ ಎಂದರೆ, ನಮ್ಮ ‘ದೂರ’ ಎಂಬ ಪದ ಮೂಲತಃ ನಾಮಪದದಂತೆ ನಡೆದುಕೊಳ್ಳುತ್ತದೆ ಮತ್ತು ಒಂದೇ ಪದ ಬೇರೆ ಬೇರೆ ವಿಭಕ್ತಿಗಳನ್ನು ಹೊತ್ತು ನಾಲ್ಕು ಕಡೆ ದುಡಿಯುತ್ತದೆ. ‘ಇಲ್ಲಿಂದ ಅಲ್ಲಿಗೆ ಇರುವ ದೂರವನ್ನು ಅಳೆದರು’ ಎನ್ನುವಾಗಿನ ದೂರಕ್ಕೆ ಇಂಗ್ಲಿಷಿನಲ್ಲಿ ‘ಡಿಸ್ಟೆನ್ಸ್’ ಬೇಕು. ‘ಐದು ಕಿಲೋಮೀಟರ್ ದೂರದಲ್ಲಿದೆ’ ಎನ್ನುವಾಗಿನ ‘ದೂರದಲ್ಲಿ’ ಎಂಬುದಕ್ಕೆ ‘ಅವೇ’ ಬೇಕು. ‘ದೂರದ ದೇಶ’ ಎನ್ನುವಾಗಿನ ಷಷ್ಠಿಗೆ ‘ಡಿಸ್ಟೆಂಟ್’ ಅಥವಾ ‘ಫಾರವೇ’ ಬೇಕು. ‘ಅಯ್ಯೋ, ಅದು ತುಂಬಾ ದೂರ’ ಎಂದು ಉಸಿರುಬಿಡುವಾಗಿನ ದೂರಕ್ಕೆ ಮಾತ್ರ ‘ಫಾರ್’ ಸರಿಹೊಂದುತ್ತದೆ. ಶಾಲೆಯಲ್ಲಿ ‘ಫಾರ್ ಎಂದರೆ ದೂರ’ ಎಂದು ಒಂದೇ ಸಾಲಿನಲ್ಲಿ ಕಲಿತದ್ದು ಈ ನಾಲ್ಕನ್ನೂ ಒಂದೇ ಮೂಟೆಗೆ ಕಟ್ಟಿಬಿಟ್ಟಿತು. ‘ದ ಡಿಸ್ಟೆನ್ಸ್ ಈಸ್ ಫಾರ್’ ಎಂಬ ಇನ್ನೊಂದು ಸಾಮಾನ್ಯ ತಪ್ಪಿಗೂ ಇದೇ ಮೂಲ. ಜಾಗ ‘ಫಾರ್’ ಆಗಬಹುದು, ಡಿಸ್ಟೆನ್ಸ್ ‘ಲಾಂಗ್’ ಅಥವಾ ‘ಗ್ರೇಟ್’ ಆಗಬೇಕು.

ಹಾಗಾದರೆ ಅಳತೆಯಿಲ್ಲದೆ ‘ಇಟ್ ಈಸ್ ಫಾರ್’ ಎಂದು ಹೇಳಬಹುದೇ? ವ್ಯಾಕರಣದ ತಪ್ಪಿಲ್ಲ, ಆದರೆ ಇಂಗ್ಲಿಷನ್ನು ಮನೆಮಾತಾಗಿ ಆಡುವವರು ಸಾಮಾನ್ಯವಾಗಿ ಹಾಗೆ ಹೇಳುವುದಿಲ್ಲ. ಅವರ ಬಾಯಲ್ಲಿ ಬರುವುದು ‘ಇಟ್ ಈಸ್ ಎ ಲಾಂಗ್ ವೇ’ ಎಂದು. ಬರಿಯ ‘ಫಾರ್’ ಪ್ರಶ್ನೆಯಲ್ಲಿ ಮತ್ತು ನಿಷೇಧದಲ್ಲಿ ಸಲೀಸಾಗಿ ಬರುತ್ತದೆ: ‘ಈಸ್ ಇಟ್ ಫಾರ್?’, ‘ನೋ, ಇಟ್ ಈಸಂಟ್ ಫಾರ್’. ಒಪ್ಪಿಗೆಯ ವಾಕ್ಯಕ್ಕೆ ಬಂದಾಗ ಅದಕ್ಕೆ ‘ಟೂ ಫಾರ್’, ‘ಸೋ ಫಾರ್’, ‘ಫಾರ್ ಇನಫ್’ ಎಂಬಂತೆ ಜೊತೆಯೊಂದು ಬೇಕು. ‘ಮಚ್’ ಎಂಬ ಪದದ ಸ್ವಭಾವವೂ ಹೀಗೆಯೇ ಇದೆ. ‘ಐ ಡೋಂಟ್ ಹ್ಯಾವ್ ಮಚ್ ಟೈಮ್’ ಎಂಬುದು ಸಹಜ, ‘ಐ ಹ್ಯಾವ್ ಮಚ್ ಟೈಮ್’ ಎಂಬುದು ಪುಸ್ತಕದಿಂದ ಎದ್ದು ಬಂದ ಹಾಗೆ ಕೇಳಿಸುತ್ತದೆ. ಈ ಒಂದು ಅಂಶವನ್ನು ರೂಢಿಸಿಕೊಂಡರೆ ನಿಮ್ಮ ಇಂಗ್ಲಿಷಿನ ಧಾಟಿ ಎಷ್ಟೋ ನೇರವಾಗುತ್ತದೆ ಎಂಬುದು ನನ್ನ ಅನುಭವ. ವ್ಯಾಕರಣದ ಪುಸ್ತಕಗಳು ಇದಕ್ಕೆ ಕೊಡುವ ಜಾಗ ಬಹಳ ಕಡಿಮೆ.

‘ಫಾರ್’ ಪದದ ಬೆನ್ನಿಗೆ ಬರುವ ಉಪಸರ್ಗದ ಬಗ್ಗೆಯೂ ಒಂದು ಮಾತು. ಕನ್ನಡದಲ್ಲಿ ‘ನಿಲ್ದಾಣದಿಂದ ದೂರ’ ಎಂದೂ ‘ನಿಲ್ದಾಣಕ್ಕೆ ದೂರ’ ಎಂದೂ ಹೇಳುವುದುಂಟು. ‘ಸತ್ಯಕ್ಕೆ ದೂರವಾದ ಮಾತು’ ಎನ್ನುವಲ್ಲಿ ಚತುರ್ಥಿಯೇ ಮೇಲು. ಇಂಗ್ಲಿಷಿನಲ್ಲಿ ಒಂದು ಸ್ಥಳದಿಂದ ಅಂತರ ಎಷ್ಟು ಎಂದು ಹೇಳುವಾಗ ‘ಫ್ರಮ್’ ಬೇಕು. ಹೋಗಿ ಸೇರಬೇಕಾದ ಜಾಗವನ್ನು ಮನಸ್ಸಿನಲ್ಲಿಟ್ಟು ‘ಹೌ ಫಾರ್ ಈಸ್ ಇಟ್ ಟು ದ ಸ್ಟೇಷನ್?’ ಎಂದು ಕೇಳುವಾಗ ‘ಟು’ ಬರುತ್ತದೆ. ಸತ್ಯಕ್ಕೆ ದೂರವಾದದ್ದು ಮಾತ್ರ ಯಾವಾಗಲೂ ‘ಫಾರ್ ಫ್ರಮ್ ದ ಟ್ರೂತ್’. ಇದೇ ‘ಫಾರ್ ಫ್ರಮ್’ ಗುಣವಾಚಕದ ಮುಂದೆ ಬಂದರೆ ಬಲವಾದ ನಿಷೇಧವಾಗುತ್ತದೆ. ‘ದ ವರ್ಕ್ ಈಸ್ ಫಾರ್ ಫ್ರಮ್ ಈಸಿ’ ಎಂದರೆ ಕೆಲಸ ಸುಲಭದಿಂದ ದೂರದಲ್ಲಿದೆ ಎಂದಲ್ಲ, ಸುಲಭವಂತೂ ಖಂಡಿತ ಅಲ್ಲ ಎಂದು.

ಈಗ ನಾಮಪದದ ಹಿಂದೆಯೇ ನಿಲ್ಲುವ ‘ಫಾರ್’ ಕಡೆಗೆ ಬರೋಣ. ನನಗೆ ಈ ಪದದಲ್ಲಿ ಅತ್ಯಂತ ಸ್ವಾರಸ್ಯವೆನಿಸುವ ಭಾಗ ಇದೇ. ‘ದ ಫಾರ್ ಎಂಡ್ ಆಫ್ ದ ರೂಮ್’, ‘ದ ಫಾರ್ ಬ್ಯಾಂಕ್ ಆಫ್ ದ ರಿವರ್’, ಕಾಲ್ಚೆಂಡಿನ ವೀಕ್ಷಕ ವಿವರಣೆಯಲ್ಲಿ ದಿನವೂ ಕೇಳುವ ‘ಫಾರ್ ಪೋಸ್ಟ್’, ಇವುಗಳನ್ನು ‘ದೂರದ’ ಎಂದು ಅನುವಾದಿಸಿದರೆ ಎಲ್ಲವೂ ಸ್ವಲ್ಪ ಓರೆಯಾಗುತ್ತದೆ. ಕೋಣೆ ಎಂಟು ಅಡಿಯದ್ದಾದರೂ ಅದಕ್ಕೆ ‘ಫಾರ್ ಎಂಡ್’ ಇರುತ್ತದೆ. ಇಲ್ಲಿ ‘ಫಾರ್’ ಹೇಳುತ್ತಿರುವುದು ಅಂತರ ಹೆಚ್ಚು ಎಂಬುದನ್ನಲ್ಲ. ಇರುವ ಎರಡರಲ್ಲಿ ನಮ್ಮ ಕಡೆಯದಲ್ಲದ ಇನ್ನೊಂದು ಎಂಬುದನ್ನು. ಕನ್ನಡದಲ್ಲಿ ಇದಕ್ಕೆ ಹೇಳಿ ಮಾಡಿಸಿದಂತಹ ಪದವಿದೆ: ‘ಆಚೆ’. ಕೋಣೆಯ ಆಚೆ ತುದಿ, ಹೊಳೆಯ ಆಚೆ ದಡ, ಆಚೆ ಕಡೆಯ ಗೋಲುಕಂಬ. ನಾಮಪದಕ್ಕೆ ಅಂಟಿದ ‘ಫಾರ್’ ಕಂಡಾಗ ಮೊದಲು ‘ಆಚೆ’ ಎಂದು ಇಟ್ಟು ನೋಡಿ, ಹತ್ತರಲ್ಲಿ ಎಂಟು ಸಲ ಅದು ಕೂತುಕೊಳ್ಳುತ್ತದೆ.

ಚಂದ್ರನ ‘ಫಾರ್ ಸೈಡ್’ ಇದಕ್ಕೆ ಒಳ್ಳೆಯ ನಿದರ್ಶನ. ಚಂದ್ರ ತನ್ನ ಸುತ್ತ ತಾನು ಒಂದು ಸಲ ತಿರುಗಲು ತೆಗೆದುಕೊಳ್ಳುವ ಕಾಲವೂ ಭೂಮಿಯನ್ನು ಒಂದು ಸುತ್ತು ಹಾಕಲು ತೆಗೆದುಕೊಳ್ಳುವ ಕಾಲವೂ ಒಂದೇ ಆಗಿರುವುದರಿಂದ ಅದರ ಒಂದು ಮುಖವಷ್ಟೇ ಸದಾ ನಮ್ಮ ಕಡೆಗಿರುತ್ತದೆ. ಇನ್ನೊಂದು ಮುಖವನ್ನು ಮನುಷ್ಯರು ಮೊದಲ ಬಾರಿಗೆ ಕಂಡದ್ದು ಸೋವಿಯತ್ ಒಕ್ಕೂಟದ ಲೂನಾ 3 ನೌಕೆ 1959ರ ಅಕ್ಟೋಬರ್‌ನಲ್ಲಿ ತೆಗೆದ ಚಿತ್ರಗಳಲ್ಲಿ. ಅಲ್ಲಿ ಮೊದಲು ಮೆತ್ತಗೆ ಇಳಿದದ್ದು ಚೀನಾದ ಚಾಂಗ್ ಎ 4 ನೌಕೆ, 2019ರ ಜನವರಿ 3ರಂದು. ಈ ಸುದ್ದಿಯನ್ನು ಬರೆಯುವಾಗ ಕೆಲವರು ‘ಚಂದ್ರನ ದೂರದ ಭಾಗ’ ಎಂದರು, ಕೆಲವರು ‘ಕತ್ತಲ ಭಾಗ’ ಎಂದರು. ಎರಡನೆಯದು ಪೂರ್ತಿ ತಪ್ಪು, ಏಕೆಂದರೆ ಆ ಬದಿಗೂ ನಮ್ಮ ಬದಿಯಷ್ಟೇ ಬಿಸಿಲು ಬೀಳುತ್ತದೆ. ಮೊದಲನೆಯದರ ತಪ್ಪು ಸೂಕ್ಷ್ಮವಾದದ್ದು. ಭೂಮಿಯಿಂದ ಚಂದ್ರನಿಗೆ ಸರಾಸರಿ 3,84,400 ಕಿಲೋಮೀಟರ್. ಚಂದ್ರನ ವ್ಯಾಸ ಸುಮಾರು 3,474 ಕಿಲೋಮೀಟರ್. ಆ ಬದಿ ಈ ಬದಿಗಿಂತ ಹೆಚ್ಚೆಂದರೆ ಶೇಕಡಾ ಒಂದರಷ್ಟು ದೂರ. ಹೀಗಿರುವಾಗ ಅಲ್ಲಿ ‘ದೂರದ’ ಎಂಬುದಕ್ಕೆ ಏನು ಅರ್ಥ ಉಳಿಯಿತು? ‘ಚಂದ್ರನ ಆಚೆ ಬದಿ’ ಎಂದರೆ ಮಾತು ಮುಗಿಯಿತು.

ಪದದ ಹುಟ್ಟನ್ನು ನೋಡಿದರೆ ಈ ‘ಆಚೆ’ ಎಂಬ ಅರ್ಥ ಆಕಸ್ಮಿಕವಲ್ಲ ಎಂದು ತಿಳಿಯುತ್ತದೆ. ಹಳೆಯ ಇಂಗ್ಲಿಷಿನ ‘ಫೆಯೊರ್’ ಎಂಬ ರೂಪದಿಂದ ಬಂದ ‘ಫಾರ್’ ಪದಕ್ಕೂ ಸಂಸ್ಕೃತದ ‘ಪರ’ ಎಂಬುದಕ್ಕೂ ಒಂದೇ ಬೇರು ಎಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಸಂಸ್ಕೃತದ ‘ಪ’ಕಾರ ಇರುವ ಕಡೆ ಇಂಗ್ಲಿಷಿನಲ್ಲಿ ‘ಫ’ಕಾರ ಸಿಗುವುದು ನಿಯಮಬದ್ಧವಾದದ್ದು, ಪಿತೃ ಮತ್ತು ಫಾದರ್, ಪಾದ ಮತ್ತು ಫುಟ್, ಪಂಚ ಮತ್ತು ಫೈವ್ ಜೋಡಿಗಳನ್ನು ನೆನಪಿಸಿಕೊಳ್ಳಿ. ನಮ್ಮ ‘ಇಹಪರ’ ಎಂಬ ಮಾತಿನಲ್ಲಿ ಪರ ಎಂದರೆ ಎಷ್ಟು ಯೋಜನ ದೂರ ಎಂಬ ಲೆಕ್ಕವಿಲ್ಲ, ಇಹವಲ್ಲದ ಇನ್ನೊಂದು ಎಂದಷ್ಟೇ. ಅದೇ ಬೇರಿನ ‘ಪಾರ’ ಎಂದರೆ ಆಚೆ ದಡ. ಆಚೆ ದಡವೇ ಇಲ್ಲದ್ದು ‘ಅಪಾರ’. ‘ಫಾರ್ ಬ್ಯಾಂಕ್’ ಎಂಬ ಇಂಗ್ಲಿಷ್ ಮಾತನ್ನು ಓದುವಾಗ ನನಗೆ ಈ ಅಪಾರ ನೆನಪಾಗದೆ ಇರುವುದಿಲ್ಲ.

ಆದ್ದರಿಂದಲೇ ‘ಎ ಫಾರ್ ವಿಲೇಜ್’, ‘ಎ ಫಾರ್ ಸಿಟಿ’ ಎಂಬ ಪ್ರಯೋಗಗಳು ಇಂದಿನ ಇಂಗ್ಲಿಷಿನಲ್ಲಿ ನಿಲ್ಲುವುದಿಲ್ಲ. ಆಚೆ ಎನ್ನಲು ಈಚೆ ಒಂದು ಬೇಕು. ಹಳ್ಳಿಗೆ ಅಂತಹ ಜೋಡಿಯಿಲ್ಲ. ಹಳೆಯ ಕಥೆಗಳ, ಧಾರ್ಮಿಕ ಗ್ರಂಥಗಳ ಇಂಗ್ಲಿಷಿನಲ್ಲಿ ‘ಎ ಫಾರ್ ಕಂಟ್ರಿ’ ಎಂದು ಕಾಣಸಿಗುತ್ತದೆ. ಅದನ್ನು ಆಸ್ವಾದಿಸಬಹುದು, ಕಚೇರಿಯ ಪತ್ರದಲ್ಲಿ ಅನುಸರಿಸಬಾರದು. ಅಂತಹ ಕಡೆ ಬರಬೇಕಾದದ್ದು ‘ಡಿಸ್ಟೆಂಟ್’.

‘ಡಿಸ್ಟೆಂಟ್’ ಲ್ಯಾಟಿನ್ನಿನಿಂದ ಬಂದದ್ದು. ‘ಬೇರೆಯಾಗಿ ನಿಲ್ಲುವುದು’ ಎಂಬುದು ಅದರ ಮೂಲಾರ್ಥ. ಫಾರ್ ಪದಕ್ಕಿಂತ ಇದು ಹೆಚ್ಚು ಗಂಭೀರ, ಹೆಚ್ಚು ಬರಹದ್ದು. ದೂರದ ನಕ್ಷತ್ರ, ದೂರದಿಂದ ಕೇಳಿಬರುವ ಗುಡುಗು, ಬಹಳ ಹಿಂದಿನ ಕಾಲ, ದೂರದ ನೆಂಟ, ಇವೆಲ್ಲಕ್ಕೂ ‘ಡಿಸ್ಟೆಂಟ್’ ಒಪ್ಪುತ್ತದೆ. ನೆಂಟರ ವಿಷಯದಲ್ಲಿ ನಮ್ಮ ‘ದೂರದ’ ಎಂಬುದಕ್ಕೂ ಅದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ‘ಫಾರ್ ರಿಲೇಟಿವ್’ ಎಂದು ಮಾತ್ರ ಬರೆಯಬೇಡಿ. ಅಳತೆಯ ಬೆನ್ನಿಗೆ ನಿಲ್ಲುವ ಶಕ್ತಿಯೂ ಈ ಪದಕ್ಕಿದೆ: ‘ತ್ರೀ ಮೈಲ್ಸ್ ಡಿಸ್ಟೆಂಟ್’ ಎಂಬುದು ಶುದ್ಧವಾದ ಪ್ರಯೋಗ, ಆದರೆ ಈಗ ಅದಕ್ಕೆ ಹಳೆಯ ಕಾಗದದ ವಾಸನೆ ಬಂದಿದೆ. ನಿಮ್ಮ ಪತ್ರಕ್ಕೆ ‘ಅವೇ’ ಸಾಕು.

ಮನುಷ್ಯರ ಬಗ್ಗೆ ‘ಡಿಸ್ಟೆಂಟ್’ ಬಳಸುವಾಗ ಎಚ್ಚರ ಬೇಕು. ಹೊರದೇಶದಲ್ಲಿರುವ ಅಣ್ಣನನ್ನು ಕುರಿತು ಒಬ್ಬರು ‘ಮೈ ಬ್ರದರ್ ಈಸ್ ವೆರಿ ಡಿಸ್ಟೆಂಟ್’ ಎಂದು ಬರೆದಿದ್ದ ಅರ್ಜಿಯನ್ನು ನಾನು ತಿದ್ದಿದ್ದೇನೆ. ಅವರ ಮನಸ್ಸಿನಲ್ಲಿ ಇದ್ದದ್ದು ಅಣ್ಣ ಬಹಳ ದೂರದಲ್ಲಿದ್ದಾನೆ, ತುರ್ತಿಗೆ ಒದಗಲಾರ ಎಂಬುದು. ಓದುವವರಿಗೆ ತಿಳಿಯುತ್ತಿದ್ದದ್ದು ಅಣ್ಣ ಮುಖ ಕೊಟ್ಟು ಮಾತನಾಡದ, ಅಂಟಿಯೂ ಅಂಟದಂತಿರುವ ಮನುಷ್ಯ ಎಂದು. ಒಂದೇ ಮನೆಯಲ್ಲಿ, ಒಂದೇ ಊಟದ ಮೇಜಿನಲ್ಲಿ ಎದುರಿಗೆ ಕುಳಿತವರೂ ‘ಡಿಸ್ಟೆಂಟ್’ ಆಗಿರಬಹುದು. ಆ ಅರ್ಜಿಯಲ್ಲಿ ‘ಲಿವ್ಸ್ ಫಾರ್ ಅವೇ’ ಎಂದು ಬದಲಾಯಿಸಿದೆವು.

‘ಡಿಸ್ಟೆನ್ಸ್’ ಎಂಬ ನಾಮಪದದೊಂದಿಗೆ ಬರುವ ಮೂರು ಸಣ್ಣ ನುಡಿಗಟ್ಟುಗಳು ಪರಸ್ಪರ ಬೆರೆತುಹೋಗುತ್ತವೆ, ಅದಕ್ಕಾಗಿ ಇಲ್ಲಿಯೇ ಹೇಳಿಬಿಡುತ್ತೇನೆ. ‘ಇನ್ ದ ಡಿಸ್ಟೆನ್ಸ್’ ಎಂದರೆ ಕಣ್ಣು ಹಾಯುವ ತುದಿಯಲ್ಲಿ, ಅಷ್ಟು ದೂರದಲ್ಲಿ ಮಸುಕಾಗಿ. ‘ಎಟ್ ಎ ಡಿಸ್ಟೆನ್ಸ್’ ಎಂದರೆ ಸ್ವಲ್ಪ ಅಂತರ ಇಟ್ಟುಕೊಂಡು. ‘ಫ್ರಮ್ ಎ ಡಿಸ್ಟೆನ್ಸ್’ ಎಂದರೆ ದೂರದಿಂದಲೇ. ಬೆಟ್ಟ ಕಾಣುವುದು ಮೊದಲನೆಯದರಲ್ಲಿ, ನಾಯಿಯನ್ನು ಇರಿಸಬೇಕಾದದ್ದು ಎರಡನೆಯದರಲ್ಲಿ, ಜಗಳ ನೋಡಬೇಕಾದದ್ದು ಮೂರನೆಯದರಲ್ಲಿ.

‘ರಿಮೋಟ್’ ಕೂಡ ಲ್ಯಾಟಿನ್ ಮೂಲದ್ದೇ. ‘ಹಿಂದಕ್ಕೆ ಸರಿಸಿಟ್ಟದ್ದು’ ಎಂದು ಅದರ ಅರ್ಥ, ‘ರಿಮೂವ್’ ಅದರ ಒಡಹುಟ್ಟು. ಇದರಲ್ಲಿ ಕಿಲೋಮೀಟರಿಗಿಂತ ಸಂಪರ್ಕದ ಲೆಕ್ಕ ಹೆಚ್ಚು. ಸಾವಿರ ಕಿಲೋಮೀಟರ್ ಆಚೆಯ ಮಹಾನಗರ ಡಿಸ್ಟೆಂಟ್ ಆಗಬಹುದು, ರಿಮೋಟ್ ಆಗಲಾರದು; ಇಪ್ಪತ್ತೇ ಕಿಲೋಮೀಟರ್ ಅಂತರದಲ್ಲಿದ್ದು ರಸ್ತೆಯೂ ಸಂಪರ್ಕವೂ ಇಲ್ಲದ ಹಳ್ಳಿ ರಿಮೋಟ್. ಕನ್ನಡದ ‘ಕುಗ್ರಾಮ’ ಅದರ ಹತ್ತಿರಕ್ಕೆ ಬರುತ್ತದೆಯಾದರೂ ಅದರಲ್ಲಿ ತಾತ್ಸಾರದ ಒಂದು ಎಳೆಯಿದೆ, ‘ರಿಮೋಟ್’ ಪದದಲ್ಲಿ ಅದಿಲ್ಲ. ‘ರಿಮೋಟ್ ಚಾನ್ಸ್’ ಎಂಬಲ್ಲಿ ಸಂಭವ ತೀರಾ ಕಡಿಮೆ ಎಂಬ ಅರ್ಥ. ಟಿವಿಯ ರಿಮೋಟ್ ಬಗ್ಗೆ ಹೇಳಬೇಕಾದದ್ದೇನಿಲ್ಲ. ‘ದೂರನಿಯಂತ್ರಕ’ ಎಂಬ ಟಂಕಿಸಿದ ಪದ ಕಾಗದದಲ್ಲಿ ಉಳಿದಿದೆ, ಕೈಗೆ ಬಂದದ್ದು ರಿಮೋಟ್.

ಇನ್ನು ಫಾರ್ದರ್ ಮತ್ತು ಫರ್ದರ್. ಇವೆರಡೂ ‘ಫಾರ್’ ಪದದ ತರತಮ ರೂಪಗಳು ಎಂದು ಕಲಿಸುತ್ತಾರೆ. ಇತಿಹಾಸ ಅಷ್ಟು ನೇರವಾಗಿಲ್ಲ. ‘ಫರ್ದರ್’ ಹೆಚ್ಚು ಹಳೆಯದು, ಮತ್ತು ಅದು ಹುಟ್ಟಿದ್ದು ಫಾರ್ ಪದದಿಂದಲ್ಲ. ‘ಮುಂದಕ್ಕೆ’ ಎಂಬ ಅರ್ಥದ ‘ಫೋರ್ತ್’ ಅದರ ಹತ್ತಿರದ ಬಂಧು. ಫಾರ್ ಪದಕ್ಕೆ ತನ್ನದೇ ಆದ ಬೇರೆ ತರತಮ ರೂಪ ಇತ್ತು. ಮಧ್ಯಕಾಲದ ಇಂಗ್ಲಿಷಿನಲ್ಲಿ ಫರ್ದರ್ ಪದದ ಒಂದು ಉಚ್ಚಾರಭೇದವಾಗಿ ‘ಫಾರ್ದರ್’ ಮೂಡಿ, ಕಾಲಕ್ರಮದಲ್ಲಿ ಆ ಹಳೆಯ ರೂಪವನ್ನು ಹೊರದೂಡಿ ಅದರ ಗಾದಿ ಹಿಡಿಯಿತು. ದೂರವನ್ನು ಹೇಳುವ ಪದಕ್ಕೆ ಇಂತಹ ಕ್ರಮತಪ್ಪಿದ ತರತಮ ರೂಪ ಇರುವುದು ಇಂಗ್ಲಿಷಿಗಷ್ಟೇ ಸೀಮಿತವಲ್ಲ. ಸಂಸ್ಕೃತದ ‘ದೂರ’ಕ್ಕೂ ‘ದವೀಯಸ್’, ‘ದವಿಷ್ಠ’ ಎಂಬ ರೂಪಗಳಿದ್ದು, ಅವುಗಳಲ್ಲಿ ದೂರದ ‘ರ’ಕಾರವೇ ಕಾಣೆಯಾಗಿದೆ.

ಬಳಕೆಯ ನಿಯಮ ಇಷ್ಟೇ. ನೆಲದ ಮೇಲೆ ಅಳೆಯಬಹುದಾದ ದೂರಕ್ಕೆ ಎರಡೂ ಸಲ್ಲುತ್ತವೆ. ಅಮೆರಿಕದ ಬರಹಗಾರರು ಅಲ್ಲಿ ‘ಫಾರ್ದರ್’ ಎಂದು ಪಟ್ಟುಹಿಡಿಯುವುದು ಹೆಚ್ಚು, ಬ್ರಿಟಿಷರು ‘ಫರ್ದರ್’ ಎಂಬುದನ್ನೇ ಎಲ್ಲೆಡೆ ನಡೆಸುತ್ತಾರೆ. ‘ಇನ್ನಷ್ಟು, ಹೆಚ್ಚಿನ, ಮುಂದಿನ’ ಎಂಬ ಅರ್ಥ ಬಂದಾಗ ಮಾತ್ರ ಆಯ್ಕೆಯಿಲ್ಲ, ‘ಫರ್ದರ್’ ಒಂದೇ. ‘ಫರ್ದರ್ ಇನ್ಫರ್ಮೇಶನ್’, ‘ಅಂಟಿಲ್ ಫರ್ದರ್ ನೋಟಿಸ್’. ಒಂದು ಕಟ್ಟಡದ ಲಿಫ್ಟಿನ ಬಾಗಿಲಿಗೆ ‘ಅಂಟಿಲ್ ಫಾರ್ದರ್ ನೋಟಿಸ್’ ಎಂದು ಅಚ್ಚುಹಾಕಿಸಿ ಅಂಟಿಸಿದ್ದನ್ನು ನೋಡಿದ್ದೇನೆ. ಮುಂದಿನ ಸೂಚನೆ ಬರುವವರೆಗೆ ಎನ್ನಲು ಹೋಗಿ, ಇದಕ್ಕಿಂತ ದೂರದಲ್ಲಿ ಇನ್ನೊಂದು ಸೂಚನಾಫಲಕ ಇದೆ ಎಂಬಂತಾಗಿತ್ತು. ಸಂದೇಹ ಬಂದಾಗ ಫರ್ದರ್ ಎಂದು ಬರೆದರೆ ಎಲ್ಲಿಯೂ ದೊಡ್ಡ ತಪ್ಪಾಗುವುದಿಲ್ಲ ಎಂಬುದು ನನ್ನ ಸಲಹೆ.

ಫಾರ್ ಸೇರಿದ ಜೋಡಿಪದಗಳು ಅನೇಕವಿದ್ದರೂ ಒಂದನ್ನು ಮಾತ್ರ ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ಅನುವಾದಕರು ಜಾರಿ ಬೀಳುವುದನ್ನು ನೋಡಿದ್ದೇನೆ. ‘ಫಾರ್‌ಸೈಟೆಡ್’ ಎಂಬುದಕ್ಕೆ ಎರಡು ಅರ್ಥ: ಮುಂದಾಲೋಚನೆಯುಳ್ಳವರು ಎಂಬುದು ಒಂದು, ಹತ್ತಿರದ್ದು ಸರಿಯಾಗಿ ಕಾಣದವರು ಎಂಬುದು ಇನ್ನೊಂದು. ಕಣ್ಣಿನ ತಪಾಸಣೆಯ ವರದಿಯೊಂದು ‘ರೋಗಿಯು ದೂರದೃಷ್ಟಿಯುಳ್ಳವರಾಗಿದ್ದಾರೆ’ ಎಂದು ಕನ್ನಡಕ್ಕೆ ಬಂದು ನನ್ನ ಮೇಜಿಗೆ ತಲುಪಿದಾಗ, ಕನ್ನಡಕ ಬೇಕಾಗಿದ್ದ ವ್ಯಕ್ತಿ ಮುತ್ಸದ್ದಿಯಾಗಿಬಿಟ್ಟಿದ್ದರು. ಕಣ್ಣಿನ ವಿಷಯಕ್ಕೆ ‘ದೂರದೃಷ್ಟಿ ದೋಷ’ ಎಂದು ದೋಷವನ್ನು ಸೇರಿಸಿಯೇ ಬರೆಯಬೇಕು. ಬ್ರಿಟಿಷ್ ಇಂಗ್ಲಿಷಿನಲ್ಲಿ ಈ ಗೊಂದಲ ಕಡಿಮೆ. ಅಲ್ಲಿ ಕಣ್ಣಿಗೆ ‘ಲಾಂಗ್‌ಸೈಟೆಡ್’ ಎಂಬ ಬೇರೆ ಪದವೇ ಇದೆ.

ಕೊನೆಗೆ ನಿಮ್ಮ ಗಾದೆ. ಬೆಟ್ಟಕ್ಕೆ ಈಚೆ ಆಚೆ ಎಂಬ ಜೋಡಿಯಿಲ್ಲದ್ದರಿಂದ ‘ಫಾರ್ ಹಿಲ್ಸ್’ ಆಗದು. ಬೆಟ್ಟ ಸಂಪರ್ಕವಿಲ್ಲದ ಮೂಲೆಯಲ್ಲಿದೆ ಎಂಬುದು ಗಾದೆಯ ವಿಷಯವಲ್ಲ, ಆದ್ದರಿಂದ ‘ರಿಮೋಟ್’ ಕೂಡ ಹೊಂದದು. ಉಳಿದದ್ದು ‘ಡಿಸ್ಟೆಂಟ್’ ಮತ್ತು ‘ಫಾರವೇ’. ಎರಡನೆಯದನ್ನು ನಾಮಪದದ ಹಿಂದೆ ಬಂದಾಗ ಒಂದೇ ಪದವಾಗಿ ಬರೆಯುತ್ತಾರೆ; ‘ಫಾರ್ ಅವೇ’ ಎಂದು ಬಿಡಿಸಿ ಬರೆಯುವುದು ಅದು ಕ್ರಿಯಾವಿಶೇಷಣವಾದಾಗ. ‘ಡಿಸ್ಟೆಂಟ್ ಹಿಲ್ಸ್’ ಎಂದರೆ ನೋಡುವವರ ಕಣ್ಣಿನ ಮಾತಾಗುತ್ತದೆ. ‘ಫಾರವೇ ಹಿಲ್ಸ್’ ಎಂದರೆ ಅದರಲ್ಲಿ ಒಂದಿಷ್ಟು ಹಂಬಲ ಬೆರೆಯುತ್ತದೆ, ಕನಸಿಗೆ ಹತ್ತಿರವಾದ ದೂರ ಅದು. ನಮ್ಮ ಗಾದೆ ಹೇಳುವುದು ಆ ಹಂಬಲ ಮೋಸ ಹೋಗುವ ಬಗೆಯನ್ನಾದ್ದರಿಂದ ನನ್ನ ಮತ ‘ಫಾರವೇ’ ಕಡೆಗಿದೆ. ಇಂಗ್ಲಿಷಿನಲ್ಲಿಯೂ ‘ಫಾರವೇ ಹಿಲ್ಸ್ ಆರ್ ಗ್ರೀನ್’ ಎಂಬ ಗಾದೆಯಿದೆ. ನಮಗೆ ದೂರದಿಂದ ಬೆಟ್ಟ ನುಣ್ಣಗೆ ಕಂಡರೆ ಅವರಿಗೆ ಹಸಿರಾಗಿ ಕಂಡಿದೆ. ನಿಮ್ಮ ಓದುಗರು ಇಂಗ್ಲಿಷಿನವರೇ ಆಗಿದ್ದರೆ ಅವರ ಗಾದೆಯನ್ನೇ ಇಡಿ. ಕನ್ನಡದ ಮಾತೆಂಬುದು ಗೊತ್ತಾಗಬೇಕಾದರೆ ‘ಫಾರವೇ ಹಿಲ್ಸ್ ಲುಕ್ ಸ್ಮೂತ್’ ಎಂದು ನಮ್ಮ ನುಣುಪನ್ನೇ ಉಳಿಸಿಕೊಳ್ಳಿ.